ಊರಿನ ಗದ್ದೆ ಮಾರದೆ ಮಗಳನ್ನು ವಿದೇಶದಲ್ಲಿ ಓದಿಸಬಹುದೇ?

ಪ್ರಶ್ನೆ: ನಾವು ಕಾರ್ಕಳದ ಕಡೆಯವರು, ಡೊಂಬಿವಲಿಯಲ್ಲಿ ಸ್ವಂತ ಫ್ಲ್ಯಾಟಿನಲ್ಲಿದ್ದೇವೆ. ನಾನು ಠಾಣೆಯ ಹೋಟೆಲೊಂದರಲ್ಲಿ ಪಾಲುದಾರ, ಪತ್ನಿ ಶಾಲಾ ಶಿಕ್ಷಕಿ. ಮಗಳು ಪುಣೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೆಯ ವರ್ಷ ಓದುತ್ತಿದ್ದಾಳೆ. ಪದವಿ ಮುಗಿದ ಮೇಲೆ ವಿದೇಶದಲ್ಲಿ ಸ್ನಾತಕೋತ್ತರ ಓದಬೇಕೆಂಬ ಆಸೆ ಅವಳದು. ಮಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಸಹಕಾರಿ ಬ್ಯಾಂಕೊಂದರಲ್ಲಿ 9 ಲಕ್ಷ ರೂಪಾಯಿ ಠೇವಣಿ ಇದೆ, ತಿಂಗಳಿಗೆ 30 ಸಾವಿರ ಉಳಿಸಬಲ್ಲೆವು. ಊರಿನಲ್ಲಿ ನನ್ನ ಪಾಲಿನ ಗದ್ದೆ ಇದೆ. ಅದನ್ನು ಮಾರಿಬಿಡು, ಸಾಲದ ಗೋಜೇ ಬೇಡ ಎನ್ನುತ್ತಾರೆ ಅಣ್ಣ. ಫ್ಲ್ಯಾಟ್ ಅಡವಿಟ್ಟು ಅಮೆರಿಕಕ್ಕೇ ಕಳುಹಿಸಿ ಎನ್ನುತ್ತಾನೆ ಏಜೆಂಟ್. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ಮುಂಬಯಿಯ ಬ್ಯಾಂಕ್ ಶಾಖೆಗಳಲ್ಲಿ ಶಿಕ್ಷಣ ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತಲೇ ನನ್ನ ವೃತ್ತಿಜೀವನ ಕಳೆದಿದೆ. ನೀವು ಬರೆದ ಅಂಕಿಗಳನ್ನು ಎರಡು ಸಲ ಕೂಡಿ ಕಳೆದು ನೋಡಿದ ಮೇಲೆ ಹೇಳುತ್ತಿದ್ದೇನೆ: ದೇಶವನ್ನು ಸರಿಯಾಗಿ ಆರಿಸಿಕೊಂಡರೆ ಗದ್ದೆ ಮಾರುವ ಅಗತ್ಯವಿಲ್ಲ, ಫ್ಲ್ಯಾಟ್ ಅಡವಿಡುವ ಅಗತ್ಯವೂ ಬಹುಶಃ ಬೀಳುವುದಿಲ್ಲ. ನಿಮ್ಮ ಕೈಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಸಮಯವಿದೆ. ನನ್ನ ಬಳಿಗೆ ಬರುತ್ತಿದ್ದ ಹೆಚ್ಚಿನವರು ವೀಸಾಕ್ಕೆ ಎರಡು ತಿಂಗಳಿರುವಾಗ ಬರುತ್ತಿದ್ದರು. ಆಗ ಅವರ ಮುಂದೆ ಉಳಿದಿರುತ್ತಿದ್ದದ್ದು ದುಬಾರಿ ದಾರಿಗಳು ಮಾತ್ರ.

ಮೊದಲು ಗದ್ದೆಯ ವಿಷಯ. ಹಣದ ತುರ್ತು ಇದೆಯೆಂಬ ಸುದ್ದಿ ಊರಿನಲ್ಲಿ ಹರಡಿದ ದಿನವೇ ಜಮೀನಿನ ಬೆಲೆ ಇಳಿಯುತ್ತದೆ. ಪಾಲುಪಟ್ಟಿ ಆಗದ ಕುಟುಂಬದ ಆಸ್ತಿಯಾಗಿದ್ದರೆ ಅಕ್ಕತಂಗಿಯರ, ಅವರ ಮಕ್ಕಳ ಸಹಿ ಬೇಕು. ಒಬ್ಬರು ತಕರಾರು ತೆಗೆದರೂ ನಿಮ್ಮ ಮಗಳ ಸೆಮಿಸ್ಟರ್ ಕಾಯುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನಮ್ಮ ಕಡೆಯ ಜಮೀನು ವ್ಯವಹಾರಗಳಲ್ಲಿ ಪತ್ರದಲ್ಲಿ ಬರೆಯುವ ಬೆಲೆಯೇ ಬೇರೆ, ಕೈಗೆ ಬರುವ ಬೆಲೆಯೇ ಬೇರೆ ಎಂಬುದು ನಿಮಗೂ ಗೊತ್ತು. ಸ್ಥಿರಾಸ್ತಿ ಮಾರಾಟದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಆದಾಯ ತೆರಿಗೆ ಕಾನೂನು ಅಷ್ಟೇ ಮೊತ್ತದ ದಂಡ ವಿಧಿಸಬಲ್ಲದು. ಹಾಗೆ ಬಂದ ನಗದನ್ನು ಬ್ಯಾಂಕಿಗೆ ಕಟ್ಟಿದರೆ ಮೂಲ ಯಾವುದೆಂದು ವೀಸಾ ಅಧಿಕಾರಿ ಕೇಳುತ್ತಾನೆ, ನಿಮ್ಮಲ್ಲಿ ಉತ್ತರ ಇರುವುದಿಲ್ಲ. ಮಾರುವ ಬದಲು ಗದ್ದೆಯನ್ನೇ ಅಡವಿಡೋಣ ಎಂದರೆ ಅದೂ ಸುಲಭವಲ್ಲ. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಶಿಕ್ಷಣ ಸಾಲಕ್ಕೆ ಕೃಷಿ ಭೂಮಿಯ ಭದ್ರತೆ ಒಪ್ಪಲು ಬ್ಯಾಂಕುಗಳು ಹಿಂಜರಿಯುತ್ತವೆ. ಭೂ ಪರಿವರ್ತನೆಯಾದ ಜಾಗವಿದ್ದರೆ ಮಾತು ಬೇರೆ.

ಈಗ ಸಾಲ. ಶಿಕ್ಷಣಕ್ಕೆ ಸಾಲ ಮಾಡುವುದರಲ್ಲಿ ತಪ್ಪಿಲ್ಲ, ಎಷ್ಟು ಎಂಬುದೇ ಮುಖ್ಯ. ನಾನು ಎಲ್ಲರಿಗೂ ಒಂದೇ ಅಳತೆ ಹೇಳುತ್ತೇನೆ. ಅಲ್ಲಿ ಕೆಲಸ ಸಿಗದೆ ಮಗಳು ಮರಳಿ ಬಂದು ಪುಣೆಯಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ಸೇರಿದರೂ, ತಿಂಗಳ ಕಂತು ಅವಳ ಸಂಬಳದ ಮೂರನೇ ಒಂದು ಭಾಗವನ್ನು ಮೀರಬಾರದು. ವಿದೇಶದ ಸಂಬಳವನ್ನು ನಂಬಿ ಸಾಲದ ಮೊತ್ತ ನಿರ್ಧರಿಸುವವರು ಇನ್ನೊಂದು ದೇಶದ ವೀಸಾ ನೀತಿಯ ಮೇಲೆ ತಮ್ಮ ಮನೆಯನ್ನು ಪಣಕ್ಕಿಟ್ಟಂತೆ. ಶೇಕಡ 10ರ ಬಡ್ಡಿ, ಹತ್ತು ವರ್ಷದ ಅವಧಿ ಎಂದು ಹಿಡಿದರೆ 7.5 ಲಕ್ಷಕ್ಕೆ ತಿಂಗಳ ಕಂತು ಸುಮಾರು 9,900 ರೂಪಾಯಿ. 25 ಲಕ್ಷಕ್ಕೆ ಸುಮಾರು 33 ಸಾವಿರ. 40 ಲಕ್ಷಕ್ಕೆ ಸುಮಾರು 53 ಸಾವಿರ. ಈ ಮೂರು ಅಂಕಿಗಳನ್ನು ಮಗಳ ಮುಂದಿಟ್ಟು ಮಾತನಾಡಿ. ತೀರಿಸಬೇಕಾದವಳು ಅವಳೇ.

ಅಮೆರಿಕದಲ್ಲಿ ಎರಡು ವರ್ಷದ ಎಂ.ಎಸ್. ಖರ್ಚು 50 ಲಕ್ಷ ದಾಟುವುದು ಸಾಮಾನ್ಯ. ಓದಿನ ಜೊತೆಗೆ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಅನಂತರ ಅಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾ ಯಾರ ಕೈಯಲ್ಲೂ ಇಲ್ಲದ ಸಂಗತಿ. ಪೂರ್ಣ ವಿದ್ಯಾರ್ಥಿವೇತನವೋ ಸಂಶೋಧನಾ ಸಹಾಯಕ ಹುದ್ದೆಯೋ ಸಿಕ್ಕರೆ ಸಂತೋಷದಿಂದ ಕಳುಹಿಸಿ. ಸಿಗದಿದ್ದರೆ ನಿಮ್ಮ ಸ್ಥಿತಿಯ ಕುಟುಂಬಕ್ಕೆ ನಾನು ಆ ದಾರಿ ಹೇಳುವುದಿಲ್ಲ.

ಬ್ರಿಟನ್ನಿನಲ್ಲಿ ಕೋರ್ಸ್ ಒಂದೇ ವರ್ಷ, ಆದರೆ ಖರ್ಚೆಲ್ಲ ಒಟ್ಟಿಗೇ ಬಂದು ಬೀಳುತ್ತದೆ. ಲಂಡನ್ನಿನಲ್ಲಿ ಓದುವವರು ತಿಂಗಳಿಗೆ 1,529 ಪೌಂಡಿನಂತೆ ಒಂಬತ್ತು ತಿಂಗಳ ಜೀವನವೆಚ್ಚ ತೋರಿಸಬೇಕು. ಅದು 13,761 ಪೌಂಡ್. ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್. ವೀಸಾ ಅವಧಿ ಕೋರ್ಸಿಗಿಂತ ಕೆಲವು ತಿಂಗಳು ಉದ್ದವಿರುವುದರಿಂದ ಒಂದೂವರೆ ವರ್ಷದ್ದು ಕಟ್ಟಬೇಕಾಗುತ್ತದೆ. ಬೋಧನಾ ಶುಲ್ಕ 20 ಸಾವಿರ ಪೌಂಡ್, ಪೌಂಡಿಗೆ 120 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು 42 ಲಕ್ಷ. ನಿಮ್ಮ ಉಳಿತಾಯ ಕಳೆದರೂ 24 ಲಕ್ಷದಷ್ಟು ಸಾಲ ಬೇಕು, ಅದಕ್ಕೆ ಫ್ಲ್ಯಾಟ್ ಅಡವಿಡಬೇಕು.

ಮೆಕ್ಯಾನಿಕಲ್ ಓದುವ ಹುಡುಗಿಗೆ ಜರ್ಮನಿಯನ್ನು ನಾನು ಮೊದಲು ನೋಡಲು ಹೇಳುತ್ತೇನೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿಗೆ ಕೆಲವು ನೂರು ಯೂರೋ ವಂತಿಗೆ ಮಾತ್ರ. ಎಲ್ಲ ಕಡೆಯೂ ಹಾಗಿಲ್ಲ ಎಂಬುದನ್ನು ಏಜೆಂಟರು ಮರೆಮಾಚುತ್ತಾರೆ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಸ್ನಾತಕೋತ್ತರಕ್ಕೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೋ ವಿಧಿಸುತ್ತಿದೆ.

ಜರ್ಮನಿಯ ವೀಸಾಕ್ಕೆ ನಿರ್ಬಂಧಿತ ಖಾತೆಯಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು. ಅನೇಕರು ಇದನ್ನು ಶುಲ್ಕವೆಂದು ತಿಳಿದು ಗಾಬರಿಯಾಗುತ್ತಾರೆ. ಅದು ನಿಮ್ಮದೇ ಹಣ. ಮಗಳು ಅಲ್ಲಿಗೆ ಹೋದ ಮೇಲೆ ಪ್ರತಿ ತಿಂಗಳು 992 ಯೂರೋ ಅವಳ ಕೈಗೆ ಬರುತ್ತದೆ. ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲ ಅದರಲ್ಲೇ. ಮ್ಯೂನಿಕ್‌ನಂಥ ಊರಿನಲ್ಲಿ ಸಾಲದು, ಪೂರ್ವ ಜರ್ಮನಿಯ ಸಣ್ಣ ಊರುಗಳಲ್ಲಿ ಸಾಲುತ್ತದೆ. ಯೂರೋಗೆ 105 ರೂಪಾಯಿಯಂತೆ ವರ್ಷಕ್ಕೆ 12.5 ಲಕ್ಷ, ಎರಡು ವರ್ಷಕ್ಕೆ 25 ಲಕ್ಷ. ಓದಿನ ದಾಖಲೆಗಳು ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಕಡ್ಡಾಯ, ಅದರ ಶುಲ್ಕ 18 ಸಾವಿರ ರೂಪಾಯಿ. ವೀಸಾ, ವಿಮಾನ, ಚಳಿಯ ಬಟ್ಟೆ, ಮೊದಲ ಬಾಡಿಗೆ ಮುಂಗಡ ಸೇರಿಸಿ ಆರಂಭದ ಖರ್ಚಿಗೆ 2 ಲಕ್ಷ ಎತ್ತಿಡಿ.

ಈಗ ನಿಮ್ಮ ಲೆಕ್ಕ. 30 ಸಾವಿರದ ಆವರ್ತ ಠೇವಣಿ ಎರಡು ವರ್ಷಕ್ಕೆ ಬಡ್ಡಿ ಸೇರಿ ಸುಮಾರು 7.7 ಲಕ್ಷ. ಈಗಿರುವ 9 ಲಕ್ಷ ಬಡ್ಡಿಯೊಂದಿಗೆ 10 ಲಕ್ಷ ದಾಟುತ್ತದೆ. ಒಟ್ಟು 18 ಲಕ್ಷ. ಮೊದಲ ವರ್ಷದ 14.5 ಲಕ್ಷ ಸಾಲವಿಲ್ಲದೆ ಆಗಿಹೋಯಿತು, ಕೈಯಲ್ಲಿ 3.5 ಲಕ್ಷ ಉಳಿಯಿತು. ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಕಾರಣ ಮುಂದೆ ಹೇಳುತ್ತೇನೆ. ಮೊದಲ ವರ್ಷ ಅವಳು ಓದುತ್ತಿರುವಾಗ ನೀವು ಉಳಿಸುವುದು 3.6 ಲಕ್ಷ. ಎರಡನೆಯ ವರ್ಷಕ್ಕೆ ಇನ್ನು ಬೇಕಾದದ್ದು 9 ಲಕ್ಷದೊಳಗೆ. ಜರ್ಮನಿಯಲ್ಲಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. 2026ರ ಜನವರಿಯಿಂದ ಕನಿಷ್ಠ ವೇತನ ಗಂಟೆಗೆ 13.90 ಯೂರೋ. ಆದರೆ ಮೊದಲ ವರ್ಷದ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ. ಭಾಷೆ, ಮನೆ, ಪರೀಕ್ಷೆಗಳ ನಡುವೆ ಹುಡುಗಿಯನ್ನು ಗೋದಾಮಿನ ಪಾಳಿಗೆ ಅಟ್ಟುವ ಯೋಜನೆ ಒಳ್ಳೆಯ ಯೋಜನೆಯಲ್ಲ. ಎರಡನೆಯ ವರ್ಷ ಸಿಕ್ಕಿದ್ದು ಸಿಗಲಿ.

ಅಂದರೆ 7.5 ಲಕ್ಷದ ಸಾಲ ಸಾಕಾಗಬಹುದು. ಈ ಅಂಕಿಯನ್ನು ಸುಮ್ಮನೆ ಆರಿಸಲಿಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಪೋಷಕರ ಸಹ-ಸಾಲದ ಹೊಣೆ ಸಾಕು. 7.5 ಲಕ್ಷದವರೆಗೆ ಮೂರನೆಯವರ ಜಾಮೀನು ಕೇಳಬಹುದು. ಅದು ದಾಟಿದರೆ ಆಸ್ತಿಯ ಭದ್ರತೆ ಬೇಕು. ಫ್ಲ್ಯಾಟ್ ಮುಟ್ಟದೆ ಉಳಿದರೆ ನಾಲ್ಕು ವರ್ಷದ ಬಳಿಕ ಮಗನಿಗೆ ಬೇಕಾದಾಗ ಅದು ನಿಮ್ಮ ಕೈಯಲ್ಲಿರುತ್ತದೆ. ಮಗಳ ಕನಸಿಗೆ ಇಡೀ ಮನೆಯನ್ನು ಸುರಿದು, ಮಗನ ಸರದಿ ಬಂದಾಗ ತಂದೆ ತಲೆತಗ್ಗಿಸುವುದನ್ನು ನಾನು ನೋಡಿದ್ದೇನೆ. ಅದು ಮಕ್ಕಳಿಬ್ಬರ ನಡುವೆಯೂ ಕಹಿ ಉಳಿಸುತ್ತದೆ.

ಹೊರಡುವ ಮೊದಲೇ ಸಾಲ ಮಂಜೂರು ಮಾಡಿಸಿಕೊಳ್ಳಿ, ಹಣವನ್ನು ಎರಡನೆಯ ವರ್ಷ ಮಾತ್ರ ಪಡೆಯಿರಿ. ಪಡೆದ ಮೊತ್ತಕ್ಕಷ್ಟೇ ಬಡ್ಡಿ. ಓದುವ ಅವಧಿ ಮತ್ತು ಆಮೇಲೆ ಒಂದು ವರ್ಷ ಕಂತಿಲ್ಲ. ಸರ್ಕಾರಿ ಬ್ಯಾಂಕುಗಳಲ್ಲಿ ಆ ಅವಧಿಗೆ ಸರಳ ಬಡ್ಡಿ, ಆಗಿಂದಾಗ್ಗೆ ಬಡ್ಡಿ ಕಟ್ಟಿದರೆ ಶೇಕಡ 1ರ ರಿಯಾಯಿತಿ ಕೊಡುವ ನಿಯಮವೂ ಇದೆ. ಹಲವು ಬ್ಯಾಂಕುಗಳು ವಿದ್ಯಾರ್ಥಿನಿಯರಿಗೆ ಶೇಕಡ 0.50 ಕಡಿಮೆ ಬಡ್ಡಿ ವಿಧಿಸುತ್ತವೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಶಿಕ್ಷಣ ಸಾಲವನ್ನೇ ಮುಖ್ಯ ವ್ಯವಹಾರವಾಗಿಸಿಕೊಂಡ ಬ್ಯಾಂಕೇತರ ಸಂಸ್ಥೆಗಳು ಬೇಗ ಹಣ ಕೊಡುತ್ತವೆ, ಭದ್ರತೆಯನ್ನೂ ಕೇಳದಿರಬಹುದು. ಬಡ್ಡಿ ಹೆಚ್ಚು, ಕೆಲವು ಕಡೆ ಓದುವಾಗಲೇ ಬಡ್ಡಿ ಕಟ್ಟಬೇಕು. ಸರ್ಕಾರಿ ಬ್ಯಾಂಕ್ ಒಲ್ಲೆ ಎಂದ ಮೇಲಷ್ಟೇ ಅತ್ತ ಹೋಗಿ.

ರೂಪಾಯಿಯ ಇಳಿತವನ್ನು ಮರೆಯಬೇಡಿ. 2015ರ ಆರಂಭದಲ್ಲಿ ಡಾಲರಿಗೆ ಸುಮಾರು 63 ರೂಪಾಯಿ ಇತ್ತು, 2025ರ ಡಿಸೆಂಬರಿನಲ್ಲಿ 90 ದಾಟಿತು. ಅಂದು 25 ಲಕ್ಷವಾಗಿದ್ದ 40 ಸಾವಿರ ಡಾಲರಿನ ಶುಲ್ಕ 90ರ ದರದಲ್ಲಿ 36 ಲಕ್ಷ. ಯೂರೋ, ಪೌಂಡುಗಳ ಕತೆಯೂ ಬೇರೆಯಲ್ಲ. ಕೈಯಲ್ಲಿ ಉಳಿದ 3.5 ಲಕ್ಷವನ್ನು ಇದಕ್ಕೆಂದೇ ಮೀಸಲಿಡಿ, ಮನೆಗೆ ಹೊಸ ಫ್ರಿಜ್ ಕೊಳ್ಳಲು ಬಳಸಬೇಡಿ. ಎರಡೇ ವರ್ಷದ ಉಳಿತಾಯವಾದ್ದರಿಂದ ಷೇರು, ಈಕ್ವಿಟಿ ಫಂಡುಗಳ ಕಡೆ ಹೋಗಬೇಡಿ.

ಇನ್ನು ಆ 9 ಲಕ್ಷ. ನಮ್ಮವರಿಗೆ ಸಹಕಾರಿ ಬ್ಯಾಂಕುಗಳ ಮೇಲೆ ಅಭಿಮಾನ ಹೆಚ್ಚು, ಅದಕ್ಕೆ ಕಾರಣವೂ ಇದೆ. ಮುಂಬಯಿಯಲ್ಲಿ ನಮ್ಮ ಸಮುದಾಯಗಳೇ ಕಟ್ಟಿ ಬೆಳೆಸಿದ ಗಟ್ಟಿ ಬ್ಯಾಂಕುಗಳಿವೆ. ಆದರೂ ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ. 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಿಎಂಸಿ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಮೊದಲಿಗೆ ಠೇವಣಿದಾರರು ಪಡೆಯಬಹುದಾಗಿದ್ದದ್ದು 1,000 ರೂಪಾಯಿ. 2025ರ ಫೆಬ್ರುವರಿಯಲ್ಲಿ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿನ ಗ್ರಾಹಕರೂ ಬಾಗಿಲಲ್ಲಿ ಸಾಲು ನಿಂತರು. ವೀಸಾ ತಿಂಗಳಲ್ಲಿ ಹಾಗಾದರೆ ಏನು ಗತಿ? ಠೇವಣಿ ಅವಧಿ ಮುಗಿದಂತೆ ಅರ್ಧವನ್ನು ಸರ್ಕಾರಿ ಬ್ಯಾಂಕಿಗೆ, ಪತ್ನಿಯ ಹೆಸರಿಗೂ ಹಂಚಿ. ಭಿಶಿಯಲ್ಲಿ, ಚೀಟಿಯಲ್ಲಿ ಈ ಹಣವನ್ನು ಹಾಕಲೇಬೇಡಿ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನನಗೆ ಅತಿ ಮುಖ್ಯವೆನಿಸುವ ಸಂಗತಿ ನಿಮ್ಮ ಆದಾಯ ತೆರಿಗೆ ವಿವರಣೆ (ರಿಟರ್ನ್). ಹೋಟೆಲ್ ಉದ್ಯಮದ ನಮ್ಮ ಜನರ ಅರ್ಜಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಗಲ್ಲಾದಲ್ಲಿ ದುಡ್ಡಿರುತ್ತದೆ, ಕಾಗದದಲ್ಲಿ ಇರುವುದಿಲ್ಲ. ತಿಂಗಳಿಗೆ 30 ಸಾವಿರ ಉಳಿಸುವ ಮನುಷ್ಯನ ವಾರ್ಷಿಕ ಆದಾಯ 4 ಲಕ್ಷ ಎಂದು ಬರೆದಿದ್ದರೆ ಬ್ಯಾಂಕ್ ಅಧಿಕಾರಿಗೆ ಯಾವುದನ್ನು ನಂಬಬೇಕೆಂದೇ ತಿಳಿಯುವುದಿಲ್ಲ. ಬ್ಯಾಂಕುಗಳು ಸಾಮಾನ್ಯವಾಗಿ ಕಳೆದ ಎರಡು ವರ್ಷಗಳ ವಿವರಣೆ ಕೇಳುತ್ತವೆ. ನಿಮ್ಮ ಕೈಯಲ್ಲಿರುವ ಕಾಲವೂ ಸುಮಾರು ಅಷ್ಟೇ. ಈ ವರ್ಷದಿಂದಲೇ ಪಾಲುದಾರಿಕೆ ಪತ್ರದಂತೆ ಬರುವ ಸಂಭಾವನೆ, ಲಾಭದ ಪಾಲು ಎಲ್ಲವನ್ನೂ ಬ್ಯಾಂಕಿನ ಮೂಲಕ ಪಡೆಯಿರಿ, ಪೂರ್ತಿಯಾಗಿ ತೋರಿಸಿ, ಅನ್ವಯಿಸುವ ತೆರಿಗೆ ಕಟ್ಟಿ. ಕಟ್ಟಿದ ತೆರಿಗೆಯ ಒಂದು ಭಾಗ ಕಡಿಮೆ ಬಡ್ಡಿಯ ರೂಪದಲ್ಲಿ ಮರಳಿ ಬರಬಹುದು. ಪತ್ನಿಗೆ ಸಂಬಳದ ಚೀಟಿ ಇರುವುದರಿಂದ ಅವರನ್ನೂ ಸಹ-ಸಾಲಗಾರರಾಗಿ ಸೇರಿಸಿ. ಅದರಿಂದ ಅರ್ಜಿ ಬಲವಾಗುತ್ತದೆ.

ಅಡವಿಡುವ ಯೋಚನೆ ಇಲ್ಲದಿದ್ದರೂ ಫ್ಲ್ಯಾಟಿನ ಕಾಗದಗಳನ್ನು ಈಗಲೇ ಒಂದೆಡೆ ಸೇರಿಸಿ: ನೋಂದಾಯಿತ ಒಪ್ಪಂದಗಳ ಪೂರ್ಣ ಸರಣಿ, ಸೊಸೈಟಿಯ ಷೇರು ಪ್ರಮಾಣಪತ್ರ, ವಾಸಯೋಗ್ಯತಾ ಪ್ರಮಾಣಪತ್ರ. ಡೊಂಬಿವಲಿ ಭಾಗದಲ್ಲಿ ಸುಳ್ಳು ದಾಖಲೆಗಳಿಂದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಪಡೆದ 65 ಅಕ್ರಮ ಕಟ್ಟಡಗಳನ್ನು ಕೆಡವುವಂತೆ ಬಾಂಬೆ ಹೈಕೋರ್ಟ್ 2024ರಲ್ಲಿ ಆದೇಶಿಸಿದ ಬಳಿಕ ಬ್ಯಾಂಕ್ ವಕೀಲರು ಇಲ್ಲಿನ ಪ್ರತಿ ಹಾಳೆಯನ್ನೂ ತಿರುವಿ ನೋಡುತ್ತಾರೆ. ಇದೇ ಪ್ರಶ್ನೆ ಇಟ್ಟುಕೊಂಡಿರುವ ಇತರ ಓದುಗರಿಗೂ ಒಂದು ಮಾತು: ಗಿರಗಾಂವ್, ಪರೇಲ್‌ಗಳ ಪಗಡಿ (ದೊಡ್ಡ ಮುಂಗಡ, ಸಣ್ಣ ಬಾಡಿಗೆಯ) ಕೋಣೆಗೆ ಎಷ್ಟೇ ಬೆಲೆ ಇದ್ದರೂ ನೀವು ಅದರ ಬಾಡಿಗೆದಾರರು, ಮಾಲೀಕರಲ್ಲ. ಅದನ್ನು ಭದ್ರತೆಯಾಗಿ ಲೆಕ್ಕಕ್ಕೆ ಹಿಡಿಯಬೇಡಿ.

ಸಾಲಕ್ಕೆ ಮೊದಲು ಬಾಗಿಲು ತಟ್ಟಬೇಕಾದ ಸಂಸ್ಥೆಗಳು ನಿಮ್ಮ ಹತ್ತಿರವೇ ಇವೆ. ಮುಂಬಯಿಯ ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ವಿದೇಶಿ ಉನ್ನತ ಶಿಕ್ಷಣಕ್ಕೆ ಸಾಲರೂಪದ ವಿದ್ಯಾರ್ಥಿವೇತನ ಕೊಡುತ್ತಿದೆ. ಅದನ್ನು ಮೊದಲು ಪಡೆದವರು ಫ್ರೇನಿ ಕಾಮಾ, ಕೃಷ್ಣಾಬಾಯಿ ಕೇಳವಕರ್ ಎಂಬ ಇಬ್ಬರು ವೈದ್ಯೆಯರು. ಇದನ್ನು ನಿಮ್ಮ ಮಗಳಿಗೆ ತಪ್ಪದೆ ಹೇಳಿ. ಕೆ.ಸಿ. ಮಹೀಂದ್ರಾ ಎಜುಕೇಶನ್ ಟ್ರಸ್ಟ್ ಮತ್ತು ನರೋತ್ತಮ್ ಸೇಖ್ಸರಿಯಾ ಫೌಂಡೇಶನ್ ಬಡ್ಡಿಯಿಲ್ಲದ ಸಾಲ ನೀಡುತ್ತವೆ. ಯುರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಕೋರ್ಸ್‌ಗಳಿಗೆ ಆಯ್ಕೆಯಾದರೆ ತಿಂಗಳಿಗೆ 1,400 ಯೂರೋ ಸಿಗುತ್ತದೆ, ಶುಲ್ಕವೂ ಇಲ್ಲ. ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್, ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ನಮ್ಮ ಸಂಘಗಳ ನೆರವು ಮೊತ್ತದಲ್ಲಿ ಸಣ್ಣದಿರಬಹುದು. ಆದರೆ ಅಲ್ಲಿ ಜಾಮೀನು ನಿಲ್ಲುವ ಹಿರಿಯರು, ಜರ್ಮನಿಯಲ್ಲಿ ಓದುತ್ತಿರುವ ಮಕ್ಕಳ ಪರಿಚಯ ಸಿಗುತ್ತದೆ. ರಾಜ್ಯ ಸರ್ಕಾರದ ಯೋಜನೆಗಳ ವಿಷಯದಲ್ಲಿ ಹೊರನಾಡ ಕನ್ನಡಿಗರು ಎರಡು ದೋಣಿಗಳ ನಡುವೆ ಸಿಕ್ಕವರು. ಕರ್ನಾಟಕದ ಯೋಜನೆಗಳು ಅಲ್ಲಿನ ನಿವಾಸಿಗಳಿಗೆ. ಮಹಾರಾಷ್ಟ್ರದ ಮೀಸಲು ಯೋಜನೆಗಳು ವಲಸೆ ಬಂದವರ ಕರ್ನಾಟಕದ ಜಾತಿ ಪ್ರಮಾಣಪತ್ರವನ್ನು ಒಪ್ಪುವುದಿಲ್ಲ. ಪರಿಶಿಷ್ಟ ಜಾತಿಯ ಕುಟುಂಬಗಳು ಕೇಂದ್ರ ಸರ್ಕಾರದ ರಾಷ್ಟ್ರೀಯ ವಿದೇಶಿ ವಿದ್ಯಾರ್ಥಿವೇತನವನ್ನು ನೋಡಬೇಕು. ಅದಕ್ಕೆ ಯಾವ ರಾಜ್ಯದಲ್ಲಿ ನೆಲೆಸಿದ್ದೀರಿ ಎಂಬುದು ಅಡ್ಡಿಯಲ್ಲ.

ತೆರಿಗೆಯ ಮಾತು ಚಿಕ್ಕದು. 2025ರ ಏಪ್ರಿಲ್‌ನಿಂದ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ವಿದೇಶಕ್ಕೆ ಕಳುಹಿಸುವ ಹಣ 10 ಲಕ್ಷ ದಾಟಿದರೆ ಮಾತ್ರ ಬ್ಯಾಂಕ್ ಮೂಲದಲ್ಲೇ ತೆರಿಗೆ ಸಂಗ್ರಹಿಸುತ್ತದೆ. ಮಾನ್ಯ ಸಂಸ್ಥೆಯ ಶಿಕ್ಷಣ ಸಾಲದ ಹಣಕ್ಕೆ ಅದೂ ಇಲ್ಲ. ನಿರ್ಬಂಧಿತ ಖಾತೆಯ 12.5 ಲಕ್ಷದಲ್ಲಿ ಅರ್ಧ ನೀವು, ಅರ್ಧ ನಿಮ್ಮ ಪತ್ನಿ ಕಳುಹಿಸಿದರೆ ಈ ತಾಪತ್ರಯವೇ ಬರುವುದಿಲ್ಲ. ಸಾಲದ ಬಡ್ಡಿಗೆ ಎಂಟು ವರ್ಷದವರೆಗೆ ಸಿಗುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಅಣ್ಣನಿಂದ ಪಡೆದ ಕೈಸಾಲಕ್ಕೆ ಅದು ಸಿಗದು.

ನಿಮ್ಮ ಏಜೆಂಟ್ ಬಗ್ಗೆ ಎಚ್ಚರವಿರಲಿ. ಸೇವೆ ಉಚಿತ ಎನ್ನುವ ಏಜೆಂಟರಿಗೆ ವಿದೇಶಿ ಕಾಲೇಜುಗಳಿಂದ ದಲ್ಲಾಳಿ ಹಣ ಬರುತ್ತದೆ. ಶುಲ್ಕವಿಲ್ಲದ ಜರ್ಮನ್ ವಿಶ್ವವಿದ್ಯಾಲಯಗಳು ಹಾಗೆ ಹಣ ಕೊಡುವುದಿಲ್ಲವಾದ್ದರಿಂದ ಅವನ ಬಾಯಲ್ಲಿ ಜರ್ಮನಿಯ ಹೆಸರು ಬಂದಿಲ್ಲ ಎಂಬುದು ನನ್ನ ಊಹೆ. ಯಾವ ಶುಲ್ಕವನ್ನೂ ಅವನ ಖಾತೆಗೆ ಹಾಕಬೇಡಿ. ಬ್ಯಾಂಕ್ ಖಾತೆಯಲ್ಲಿ ಹಣ ತೋರಿಸಲು ಕೆಲವು ದಿನಕ್ಕೆ ಬಾಡಿಗೆ ದುಡ್ಡು ತಂದುಕೊಡುತ್ತೇನೆ ಎಂದು ಅವನು ಹೇಳಿದರೆ ಆ ಕ್ಷಣವೇ ಎದ್ದು ಬನ್ನಿ. ಬ್ರಿಟನ್ ಸತತ 28 ದಿನ ಖಾತೆಯಲ್ಲಿದ್ದ ಹಣವನ್ನಷ್ಟೇ ಒಪ್ಪುತ್ತದೆ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಹತ್ತು ವರ್ಷದವರೆಗೆ ವೀಸಾ ನಿಷೇಧ ಹೇರಬಲ್ಲದು.

ಮಗಳು ಪುಣೆಯಲ್ಲಿರುವುದು ನಿಮ್ಮ ಅದೃಷ್ಟ. ಫರ್ಗ್ಯುಸನ್ ಕಾಲೇಜ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ಪುಣೆ ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗವಿದೆ, ಬೋಟ್ ಕ್ಲಬ್ ರಸ್ತೆಯಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮ್ಯುಲರ್ ಭವನವಿದೆ. ಈ ಜೂನ್‌ನಿಂದಲೇ ಅವಳು ಜರ್ಮನ್ ಕಲಿಯಲು ಆರಂಭಿಸಿದರೆ ಹೊರಡುವ ಹೊತ್ತಿಗೆ ನಿತ್ಯದ ಮಾತುಕತೆಗೆ ಸಾಲುವ ಬಿ1 ಹಂತ ಮುಟ್ಟಬಹುದು. ಇಂಗ್ಲಿಷಿನಲ್ಲಿ ನಡೆಯುವ ಕೋರ್ಸಿಗೆ ಅದು ಕಡ್ಡಾಯವಲ್ಲ. ಆದರೆ ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್ ಕೊಡುವ ಮೇಲಧಿಕಾರಿ ಮೊದಲು ಕೇಳುವುದು ಅದನ್ನೇ.

ಮೂರನೆಯ ವರ್ಷದ ಪರೀಕ್ಷೆ ಮುಗಿದ ಮೇಲೆ ಅವಳನ್ನು ಕರೆದುಕೊಂಡೇ ಬ್ಯಾಂಕಿಗೆ ಹೋಗಿ. ಮುಖ್ಯ ಸಾಲಗಾರ್ತಿ ಅವಳು, ಪ್ರಶ್ನೆಗಳಿಗೆ ಅವಳೇ ಉತ್ತರಿಸಲಿ. ಸಾಲದ ಜೊತೆ ವಿಮೆಯನ್ನೂ ಕೊಳ್ಳಲೇಬೇಕೆಂದು ಒತ್ತಾಯಿಸಿದರೆ ಲಿಖಿತ ನಿಯಮ ತೋರಿಸಲು ಹೇಳಿ. ಎರಡನೆಯ ವರ್ಷದ ಹಣ ಬಿಡುಗಡೆಗೆ ಅವಳ ಸಹಿ ಬೇಕಾಗುವುದರಿಂದ, ವಿಮಾನ ಹತ್ತುವ ಮೊದಲೇ ನಿಮ್ಮ ಅಥವಾ ನಿಮ್ಮ ಪತ್ನಿಯ ಹೆಸರಿಗೆ ನೋಟರಿ ಮಾಡಿಸಿದ ಅಧಿಕಾರ ಪತ್ರ ಬರೆಸಿ, ಅದರ ಒಂದು ಪ್ರತಿಯನ್ನು ಶಾಖೆಯಲ್ಲಿ ದಾಖಲು ಮಾಡಿಸಿ.